ಐವತ್ತನಾಲ್ಕು ವಾಟ್‌ನ ಸೆಕೆ

ಮೇ ತಿಂಗಳ ಮಧ್ಯಾಹ್ನ ಎರಡೂವರೆ ಗಂಟೆಗೆ ಬೊರಿವಲಿಯ ಒಂದು ಒನ್ ಬಿಎಚ್‌ಕೆ ಮನೆಯ ಹಾಲಿನಲ್ಲಿ ಕೂತು, ಮದುವೆಯ ವೀಡಿಯೊ ಒಂದನ್ನು ಎಕ್ಸ್‌ಪೋರ್ಟ್‌ಗೆ ಹಾಕಿ, ಕಂಪ್ಯೂಟರಿನ ಬೆನ್ನ ಹಿಂದೆ ಕೈ ಹಿಡಿದು ನೋಡಿ. ಆಮೇಲೆ ಬೇಕಾದರೆ ನನ್ನ ಹತ್ತಿರ ಬೆಂಚ್‌ಮಾರ್ಕಿನ ಮಾತಾಡಿ.

ಆ ಹಾಲು ನನ್ನ ಅಕ್ಕನ ಮನೆಯದು. ಸ್ಟೇಷನ್ನಿನ ಪಶ್ಚಿಮಕ್ಕೆ, ಎಲ್.ಟಿ. ರೋಡಿನಿಂದ ಸ್ವಲ್ಪ ಒಳಗೆ, ಮೂರನೆಯ ಮಹಡಿ. ಎಸಿ ಇರುವುದು ಒಳಕೋಣೆಗೆ ಮಾತ್ರ. ಹಾಲಿನ ಒಂದು ಮೂಲೆಯಲ್ಲಿ ಅಕ್ಕನ ಟಿವಿ, ಇನ್ನೊಂದು ಮೂಲೆಯಲ್ಲಿ ಅವಳ ಮಗನ ಕಾರ್ಖಾನೆ. ಕಾರ್ಖಾನೆ ಎಂದರೆ ಒಂದು ಮೇಜು, ಎರಡು ಮಾನಿಟರ್, ಗಾಜಿನ ಬದಿಯಿರುವ ಒಂದು ಕಪ್ಪು ಡಬ್ಬಿ. ಮದುವೆ, ಮುಂಜಿ, ನಮ್ಮವರ ಸಂಘಗಳ ವಾರ್ಷಿಕೋತ್ಸವ, ಮಳೆಗಾಲದಲ್ಲಿ ಊರಿನಿಂದ ಮೇಳಗಳು ಬಂದಾಗ ಯಕ್ಷಗಾನ ಇವನ್ನೆಲ್ಲ ಅವನು ಚಿತ್ರೀಕರಿಸುತ್ತಾನೆ, ಕತ್ತರಿಸಿ ಜೋಡಿಸುತ್ತಾನೆ. ಸಂಪಾದನೆ ಅದರಿಂದಲೇ. ಕಂಪ್ಯೂಟರ್ ಅವನಿಗೆ ಆಟಿಕೆಯಲ್ಲ.

ಅದನ್ನು ಕೊಳ್ಳುವ ದಿನ ನಾನೂ ಜೊತೆಗಿದ್ದೆ. ಬೊರಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಮುಂಬಯಿ ಸೆಂಟ್ರಲ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದೆವು. ಒಂದು ಅಂಗಡಿಯ ಕೌಂಟರಿನ ಮೇಲೆ ಎರಡು ಪ್ರೊಸೆಸರ್ ಡಬ್ಬಿ ಬಂದವು. ಒಂದೇ ಕಂಪನಿ, ಒಂದೇ ತಲೆಮಾರು, ಅಷ್ಟೇ ಕೋರ್. ಒಂದಕ್ಕೆ ಹೆಸರಿನ ಕೊನೆಗೆ ಒಂದಕ್ಷರ ಹೆಚ್ಚು, ಬೆಲೆಯೂ ಹೆಚ್ಚು. ನಾನು ಸಾದಾ ಡಬ್ಬಿ ಸಾಕು ಎಂದೆ. ಅಂಗಡಿಯವನು ನನ್ನನ್ನು ನೋಡಲೇ ಇಲ್ಲ, ಹುಡುಗನನ್ನು ನೋಡಿ, "ಯಹೀ ಲೇ ಲೋ ಭಾಯ್, ಫ್ಯೂಚರ್ ಪ್ರೂಫ್ ಹೈ" ಎಂದ. ಅಳಿಯ ನನ್ನ ಕಡೆ ತಿರುಗಿ, "ಎಂತ ಮಾವ, ನೀವಿನ್ನೂ ಪೇಜ್‌ಮೇಕರ್ ಕಾಲದಲ್ಲೇ ಇದ್ದೀರಲ್ಲ" ಎಂದು ನಕ್ಕ. ನಾನು ಮೂವತ್ತು ವರ್ಷ ಫೋರ್ಟಿನಲ್ಲಿ ಕನ್ನಡ ಡಿಟಿಪಿ ಮಾಡಿದವನು, ಆದ್ದರಿಂದ ಆ ಏಟು ಸರಿಯಾದ ಜಾಗಕ್ಕೇ ಬಿತ್ತು. ದುಬಾರಿ ಡಬ್ಬಿ ಮನೆಗೆ ಬಂತು. ಅದರ ಬಿಸಿಗೆ ತಕ್ಕ ದೊಡ್ಡ ಕೂಲರ್ ಬಂತು, ಕೂಲರಿಗೆ ತಕ್ಕ ಕ್ಯಾಬಿನೆಟ್, ಮೇಲ್ದರ್ಜೆಯ ಮದರ್‌ಬೋರ್ಡ್, ದೊಡ್ಡ ಎಸ್‌ಎಂಪಿಎಸ್ ಎಲ್ಲವೂ ಬಂದವು. ಮೇ ತಿಂಗಳು ಬಂದಾಗ ಅಕ್ಕ ಫೋನ್ ಮಾಡಿ, "ಈ ಡಬ್ಬಿ ಬಂದ ಮೇಲೆ ಮನೆಯೊಳಗೆ ಒಲೆ ಇಟ್ಟ ಹಾಗಾಯ್ತು ಮಾರಾಯ" ಎಂದಳು.

ಅವನು ಕೊಂಡದ್ದು ಯಾವ ಕಂಪನಿಯದು ಎನ್ನುವುದು ಈ ಜಗಳಕ್ಕೆ ಬೇಡ. ಎರಡು ಕಂಪನಿಗಳೂ ಒಂದೇ ವ್ಯಾಪಾರ ಮಾಡುತ್ತವೆ. ವಾದಕ್ಕೆ ನಾನು ಎಲ್ಲರೂ ತೆರೆದು ನೋಡಬಹುದಾದ ಜೋಡಿಯೊಂದನ್ನು ತೆಗೆದುಕೊಳ್ಳುತ್ತೇನೆ: ಎಎಂಡಿಯ ರೈಜ಼ನ್ 7 7700 ಎಕ್ಸ್ ಮತ್ತು ರೈಜ಼ನ್ 7 7700. ಮೊದಲನೆಯದು 2022ರ ಸೆಪ್ಟೆಂಬರಿನಲ್ಲಿ ಬಂತು, ಎರಡನೆಯದು 2023ರ ಜನವರಿಯಲ್ಲಿ. ಎರಡರಲ್ಲೂ ಎಂಟು ಕೋರ್, ಹದಿನಾರು ಥ್ರೆಡ್. ಎರಡೂ ತೈವಾನಿನ ಟಿಎಸ್‌ಎಂಸಿಯ 5 ನ್ಯಾನೋಮೀಟರ್ ತಂತ್ರದಲ್ಲಿ ತಯಾರಾದ ಅದೇ ಜ಼ೆನ್ 4 ಸಿಲಿಕಾನ್. ಕ್ಯಾಶ್ ಮೆಮೊರಿಯೂ ಸಮ. ಗರಿಷ್ಠ ವೇಗ ಒಂದಕ್ಕೆ 5.4 ಗಿಗಾಹರ್ಟ್ಸ್, ಇನ್ನೊಂದಕ್ಕೆ 5.3. ಅಮೆರಿಕದಲ್ಲಿ ಬಿಡುಗಡೆಯ ಬೆಲೆ 399 ಡಾಲರ್ ಮತ್ತು 329 ಡಾಲರ್. ಅಗ್ಗದ ಡಬ್ಬಿಯಲ್ಲಿ ಕೂಲರ್ ಇತ್ತು, ದುಬಾರಿ ಡಬ್ಬಿಯಲ್ಲಿ ಇರಲಿಲ್ಲ.

ಮುಖ್ಯ ವ್ಯತ್ಯಾಸ ಇರುವುದು ವಾಟ್‌ನಲ್ಲಿ. 7700 ಎಕ್ಸ್‌ಗೆ ಕಂಪನಿ ಬರೆದ ಅಂಕಿ 105 ವಾಟ್, 7700ಕ್ಕೆ 65 ವಾಟ್. ಇಲ್ಲೇ ಮೊದಲ ಕಣ್ಕಟ್ಟು. ಟಿಡಿಪಿ ಎಂದು ಕರೆಯುವ ಈ ಅಂಕಿ ಪ್ರೊಸೆಸರ್ ಎಳೆಯುವ ಕರೆಂಟಿನ ಅಂಕಿಯಲ್ಲ. ಯಾವ ಕೂಲರ್ ಬೇಕು ಎಂದು ನಿರ್ಧರಿಸಲು ಕಂಪನಿ ತನ್ನದೇ ಸೂತ್ರದಿಂದ ಕಟ್ಟಿದ ಅಂಕಿ ಅದು. ಸಾಕೆಟ್ಟಿನ ಮೂಲಕ ಅದು ನಿಜಕ್ಕೂ ಎಳೆಯಬಹುದಾದ ಮಿತಿ 105ರದ್ದಕ್ಕೆ 142 ವಾಟ್, 65ರದ್ದಕ್ಕೆ 88 ವಾಟ್. ನಡುವೆ ಐವತ್ತನಾಲ್ಕು ವಾಟ್. ಇಂಟೆಲ್ 125 ವಾಟ್ ಎಂಬ ಮೂಲ ಅಂಕಿಯ ಪಕ್ಕದಲ್ಲಿ ಟರ್ಬೊ ಅಂಕಿಯನ್ನೂ ಕೊಡುತ್ತದೆ, ಕೋರ್ ಐ9-14900ಕೆಗೆ ಅದು 253 ವಾಟ್. ಅಷ್ಟರ ಮಟ್ಟಿಗೆ ಇಂಟೆಲ್ ಪ್ರಾಮಾಣಿಕ. ಆದರೆ ಅಂಗಡಿಯಲ್ಲಿ ನಿಂತವನ ಬಾಯಲ್ಲಿ ಆ 253 ಎಂಬ ಸಂಖ್ಯೆಯನ್ನು ನಾನು ಒಮ್ಮೆಯೂ ಕೇಳಿಲ್ಲ. ಆರು ಗಿಗಾಹರ್ಟ್ಸ್ ಎಂಬುದನ್ನು ಮಾತ್ರ ಕೇಳಿದ್ದೇನೆ.

ಐವತ್ತನಾಲ್ಕು ವಾಟ್ ಹೆಚ್ಚು ಕುಡಿದು 7700 ಎಕ್ಸ್ ಏನು ಕೊಟ್ಟಿತು? ಎಲ್ಲ ಕೋರ್‌ಗಳೂ ದುಡಿಯುವ ಕೆಲಸದಲ್ಲಿ ಶೇಕಡಾ ಒಂದಂಕಿಯಷ್ಟು ಹೆಚ್ಚು ವೇಗ. ಒಂದೇ ಕೋರ್ ದುಡಿಯುವ ಕೆಲಸದಲ್ಲಿ, 5.4ಕ್ಕೂ 5.3ಕ್ಕೂ ಇರುವ ಅಂತರದಷ್ಟೇ, ಶೇಕಡಾ ಎರಡರ ಆಸುಪಾಸು. ಕರೆಂಟಿನ ಮಿತಿ ಶೇಕಡಾ ಅರವತ್ತು ಏರಿದೆ, ಕೆಲಸ ಶೇಕಡಾ ಹತ್ತೂ ಏರಿಲ್ಲ. ಬೇರೆ ಯಾವ ವ್ಯಾಪಾರದಲ್ಲಾದರೂ ಇದನ್ನು ಮೋಸ ಎನ್ನುತ್ತಿದ್ದರು. ಇಲ್ಲಿ 'ಪರ್ಫಾರ್ಮೆನ್ಸ್ ಎಡಿಷನ್' ಎನ್ನುತ್ತಾರೆ.

ಹೀಗಾಗುವುದಕ್ಕೆ ಕಾರಣ ಕಂಪನಿಯ ಕೆಟ್ಟತನವಲ್ಲ, ಭೌತಶಾಸ್ತ್ರ. ಚಿಪ್ಪಿನೊಳಗೆ ಟ್ರಾನ್ಸಿಸ್ಟರುಗಳು ತೆರೆದು ಮುಚ್ಚುವಾಗ ಖರ್ಚಾಗುವ ಶಕ್ತಿ ವೇಗಕ್ಕೆ ಅನುಗುಣವಾಗಿ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ಒಂದು ಹಂತದವರೆಗೆ ವೋಲ್ಟೇಜನ್ನು ಹೆಚ್ಚು ಮುಟ್ಟದೆ ವೇಗ ಹೆಚ್ಚಿಸಬಹುದು. ಅದಾದ ಮೇಲೆ ಪ್ರತಿ ಹೆಜ್ಜೆಗೂ ವೋಲ್ಟೇಜ್ ತುರುಕಬೇಕು. ವೇಗ ಶೇಕಡಾ ಹತ್ತು ಏರಿಸಲು ವೋಲ್ಟೇಜನ್ನೂ ಶೇಕಡಾ ಹತ್ತು ಏರಿಸಿದರೆ ಖರ್ಚು ಶೇಕಡಾ ಮೂವತ್ತಮೂರು ಏರುತ್ತದೆ. ತುದಿಗೆ ಹೋದಂತೆ ಅದಕ್ಕೂ ಕೆಟ್ಟ ದರ. ಉಡುಪಿ ಹೋಟೆಲಿನ ಅಡಿಗೆಭಟ್ಟರನ್ನು ಕೇಳಿ. ಇಡ್ಲಿ ಪಾತ್ರೆಯ ನೀರು ಕುದಿ ಬಂದ ಮೇಲೆ ಗ್ಯಾಸ್ ಎಷ್ಟು ತಿರುಗಿಸಿದರೂ ಇಡ್ಲಿ ಬೇಗ ಬೇಯುವುದಿಲ್ಲ, ಅಡಿಗೆಮನೆ ಮಾತ್ರ ಬೇಯುತ್ತದೆ. ಪ್ರೊಸೆಸರ್ ಇಡ್ಲಿಯಷ್ಟು ಹಟಮಾರಿಯಲ್ಲ, ಸ್ವಲ್ಪ ಬೇಗ ಬೇಯುತ್ತದೆ ನಿಜ. ಆ ಸ್ವಲ್ಪವನ್ನೇ ಇವರು ಮಾರುತ್ತಿರುವುದು.

ಇದೇ ನಾಟಕ ಹಿಂದೆಯೂ ನಡೆದು ಮುಗಿದಿತ್ತು, ಅದನ್ನು ನೋಡಿದ ತಲೆ ನನ್ನದು. ನಾನು ಕೆಲಸ ಕಲಿತ ಕಾಲದ 486 ಕಂಪ್ಯೂಟರುಗಳ ಮುಖದ ಮೇಲೆ 'ಟರ್ಬೊ' ಎಂಬ ಗುಂಡಿ ಇರುತ್ತಿತ್ತು. ಆ ಗುಂಡಿಯ ಅಸಲಿ ಕೆಲಸ ಯಂತ್ರವನ್ನು ನಿಧಾನ ಮಾಡುವುದು. ಹಳೆಯ ಆಟಗಳು, ಹಳೆಯ ಪ್ರೋಗ್ರಾಮುಗಳು ಹೊಸ ವೇಗಕ್ಕೆ ತಾಳ ತಪ್ಪುತ್ತಿದ್ದವು, ಅದಕ್ಕಾಗಿ ವೇಗ ಇಳಿಸಲು ಗುಂಡಿ. ಆದರೆ ಅದಕ್ಕೆ 'ನಿಧಾನ' ಎಂದು ಹೆಸರಿಟ್ಟರೆ ಯಾರು ಕೊಳ್ಳುತ್ತಾರೆ? ಆಮೇಲೆ ಮೆಗಾಹರ್ಟ್ಸ್ ಯುದ್ಧ ಶುರುವಾಯಿತು. ಪೆಂಟಿಯಂ 4 ಬಂತು. ಟ್ರಾನ್ಸಿಸ್ಟರ್ ಚಿಕ್ಕದಾದಂತೆ ಅದರ ವೋಲ್ಟೇಜೂ ಇಳಿದು ಬಿಸಿ ಹದ್ದಿನಲ್ಲಿರುತ್ತದೆ ಎಂದು ರಾಬರ್ಟ್ ಡೆನ್ನಾರ್ಡ್ 1974ರಲ್ಲಿ ತೋರಿಸಿದ್ದ ಲೆಕ್ಕವನ್ನು ನಂಬಿ ಎಲ್ಲರೂ ಓಡುತ್ತಿದ್ದರು. ಈ ಶತಮಾನದ ಮೊದಲ ದಶಕದ ನಡುವೆ ಆ ಲೆಕ್ಕ ಕೈಕೊಟ್ಟಿತು. 2004ರಲ್ಲಿ ಬಂದ 'ಪ್ರೆಸ್ಕಾಟ್' ಪೆಂಟಿಯಂ 4ರ ಬಿಸಿ ಎಷ್ಟಿತ್ತೆಂದರೆ, ಅದರ ಮುಂದಿನ 'ತೇಹಾಸ್' ಎಂಬ ಚಿಪ್ಪನ್ನು ಇಂಟೆಲ್ ಅದೇ ವರ್ಷದ ಮೇ ತಿಂಗಳಲ್ಲಿ ಕೈಬಿಟ್ಟಿತು. 4 ಗಿಗಾಹರ್ಟ್ಸ್ ಪೆಂಟಿಯಂ 4 ತರುತ್ತೇವೆ ಎಂದಿದ್ದನ್ನು ಅಕ್ಟೋಬರಿನಲ್ಲಿ ಕೈಬಿಟ್ಟಿತು. 2006ರ ಜುಲೈಯಲ್ಲಿ ಕೋರ್ 2 ಡ್ಯುಯೊ ಬಂತು. 2.4 ಗಿಗಾಹರ್ಟ್ಸ್, 65 ವಾಟ್. ಅದು 3.8 ಗಿಗಾಹರ್ಟ್ಸ್, 115 ವಾಟ್‌ನ ಪೆಂಟಿಯಂ 4 ಅನ್ನು ಎಲ್ಲ ಕೆಲಸದಲ್ಲೂ ಹಿಂದೆ ಹಾಕಿತು. ನಮ್ಮ ಪ್ರೆಸ್ಸಿಗೆ ಅಂಥದೊಂದು ಬಂದ ದಿನ ನಾವು ಮೊದಲು ಗಮನಿಸಿದ್ದು ಅದರ ವೇಗವನ್ನಲ್ಲ. ಫ್ಯಾನಿನ ಸದ್ದಿಲ್ಲದೆ ಆಪರೇಟರುಗಳ ಮಾತು ಪಕ್ಕದ ಮೇಜಿಗೆ ಕೇಳುತ್ತಿತ್ತು.

ಇಷ್ಟು ಸ್ಪಷ್ಟ ಪಾಠ ಕಲಿತವರು ಹದಿನೈದು ವರ್ಷಗಳೊಳಗೆ ಅದೇ ಗುಂಡಿಗೆ ಯಾಕೆ ಬಿದ್ದರು? ಪೈಪೋಟಿ. 2017ರಲ್ಲಿ ರೈಜ಼ನ್ ಬಂದ ಮೇಲೆ ಎರಡೂ ಕಂಪನಿಗಳು ಸಮಸಮ ನಿಂತವು. ಸಮಸಮ ಇದ್ದಾಗ ಯೂಟ್ಯೂಬಿನ ಕಂಬಚಿತ್ರದಲ್ಲಿ ಯಾರ ಕಂಬ ಒಂದು ಕೂದಲು ಉದ್ದ ಎಂಬುದೇ ಮಾರಾಟವನ್ನು ನಿರ್ಧರಿಸುತ್ತದೆ. ಆ ಕೂದಲಿಗಾಗಿ ಚಿಪ್ಪನ್ನು ಕಾರ್ಖಾನೆಯಲ್ಲೇ ತುದಿಯವರೆಗೆ ಎಳೆದು ಕಳಿಸತೊಡಗಿದರು. ಹಿಂದೆ ಓವರ್‌ಕ್ಲಾಕಿಂಗ್ ಹವ್ಯಾಸಿಗಳ ಹುಚ್ಚಾಗಿತ್ತು, ಅದರ ಹೊಣೆಯೂ ಅವರದೇ. ಈಗ ಆ ಹುಚ್ಚು ಡಬ್ಬಿಯೊಳಗೇ ಬರುತ್ತದೆ. 7000 ಸರಣಿಯ ಎಕ್ಸ್ ಚಿಪ್ಪುಗಳು 95 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ದೋಷವಲ್ಲ, ವಿನ್ಯಾಸವೇ ಹಾಗೆ ಎಂದು ಎಎಂಡಿ 2022ರಲ್ಲಿ ಹೇಳಿತು. ಇರಲಿ, ಸಿಲಿಕಾನ್ ತಡೆದುಕೊಳ್ಳುತ್ತದೆ. ಅದರ ಪಕ್ಕ ಕೂತವರ ವಿನ್ಯಾಸ ಯಾರದು?

ಎಲ್ಲ ಸಿಲಿಕಾನೂ ತಡೆದುಕೊಳ್ಳಲಿಲ್ಲ ಎನ್ನುವುದೂ ಆಮೇಲೆ ಗೊತ್ತಾಯಿತು. ಇಂಟೆಲಿನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪುಗಳು, ಅದರಲ್ಲೂ ಮೇಲ್ದರ್ಜೆಯವು, ಕೆಲಸದ ನಡುವೆ ಕುಸಿಯುತ್ತಿವೆ ಎಂಬ ದೂರು ಬೆಳೆಯುತ್ತ ಬಂತು. ಮೊದಲು ಬೆರಳು ಮದರ್‌ಬೋರ್ಡ್ ಕಂಪನಿಗಳ ಕಡೆ ಹೋಯಿತು. ಅವು ಕಂಬಚಿತ್ರದ ಆಸೆಗೆ ವಾಟ್ ಮಿತಿಯನ್ನೇ ತೆಗೆದುಹಾಕಿ ಬೋರ್ಡ್ ಕಳಿಸುತ್ತಿದ್ದವು, ಆದ್ದರಿಂದ ಆ ಬೆರಳು ಪೂರ್ತಿ ತಪ್ಪೂ ಅಲ್ಲ. ಆದರೆ 2024ರ ಜುಲೈಯಲ್ಲಿ ಇಂಟೆಲ್ ತಾನೇ ಒಪ್ಪಿಕೊಂಡಿತು: ತನ್ನದೇ ಮೈಕ್ರೋಕೋಡ್ ಚಿಪ್ಪಿಗೆ ತಪ್ಪಾಗಿ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು. ಆಗಸ್ಟಿನಲ್ಲಿ ತಿದ್ದುಪಡಿ ಬಂತು, ಸೆಪ್ಟೆಂಬರಿನಲ್ಲಿ ಇನ್ನೊಂದು. ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯುತ್ತದೆ, ಆಗಲೇ ಸವೆದ ಚಿಪ್ಪನ್ನು ಸರಿಮಾಡುವುದಿಲ್ಲ. ಇದು ಒಂದು ತಂತ್ರಾಂಶದ ತಪ್ಪು ಮಾತ್ರ ಎಂದು ಕಂಪನಿಯ ವಕೀಲಿಕೆ ಮಾಡುವವರಿದ್ದಾರೆ. ತಪ್ಪು ತಂತ್ರಾಂಶದ್ದೇ. ಆದರೆ ವೋಲ್ಟೇಜಿನ ಅಂಚಿಗೆ ಅಷ್ಟು ಹತ್ತಿರ ಮನೆ ಕಟ್ಟದಿದ್ದರೆ ಆ ತಪ್ಪಿಗೆ ಅಷ್ಟು ಬೆಲೆ ತೆರಬೇಕಿರಲಿಲ್ಲ.

ನೀವು ಇಷ್ಟಕ್ಕೆ ನನ್ನನ್ನು ಕಂಪನಿಗಳ ವೈರಿ ಎಂದುಕೊಂಡಿದ್ದರೆ, ತಾಳಿ. ನನ್ನ ಸಿಟ್ಟಿನ ದೊಡ್ಡ ಪಾಲು ಇರುವುದು ನಮ್ಮ ಮೇಲೆಯೇ. 2024ರ ಆಗಸ್ಟಿನಲ್ಲಿ ಎಎಂಡಿ ಒಂದು ಒಳ್ಳೆಯ ಕೆಲಸ ಮಾಡಿತು. 7700 ಎಕ್ಸ್‌ನ ಉತ್ತರಾಧಿಕಾರಿ 9700 ಎಕ್ಸ್ ಅನ್ನು 105 ವಾಟ್‌ನ ಬದಲು 65 ವಾಟ್ ಚಿಪ್ಪಾಗಿ ತಂದಿತು. ಎಂಟೇ ಕೋರ್, ಹೊಸ ಜ಼ೆನ್ 5, ಹಿಂದಿನ ಎಕ್ಸ್‌ಗಿಂತ ಬಹಳ ಕಡಿಮೆ ಕರೆಂಟಿನಲ್ಲಿ ಅದಕ್ಕಿಂತ ಹೆಚ್ಚು ಕೆಲಸ. ಇದಕ್ಕಾಗಿ ವಿಮರ್ಶಕರು ಹಾರ ಹಾಕಬೇಕಿತ್ತು. ಆದದ್ದು ಉಲ್ಟಾ. 'ಏನೂ ಸುಧಾರಣೆಯಿಲ್ಲ', 'ಆಟದಲ್ಲಿ ಅದೇ ಕಥೆ', 'ದುಡ್ಡು ದಂಡ' ಎಂಬ ಧಾಟಿಯ ತಲೆಬರಹಗಳು ಸಾಲಾಗಿ ಬಂದವು. ಕೆಲವರು 65 ವಾಟ್‌ನ ಹೊಸದನ್ನು 65 ವಾಟ್‌ನ ಹಳೆಯ 7700ರ ಪಕ್ಕದಲ್ಲಿಟ್ಟು ಲಾಭ ಸಣ್ಣದು ಎಂದರು. ಆ ಟೀಕೆಗೆ ತೂಕವಿದೆ, ಒಪ್ಪುತ್ತೇನೆ. ಆದರೆ ಬಹಳಷ್ಟು ಜನ ಕೂಗಿದ್ದು ಕಂಬ ಉದ್ದವಾಗಲಿಲ್ಲ ಎಂದು. ಕೆಲವೇ ವಾರಗಳಲ್ಲಿ ಕಂಪನಿ ಬಾಲ ಮುದುಡಿಕೊಂಡು, ವಾರಂಟಿಗೆ ಧಕ್ಕೆಯಿಲ್ಲದೆ 105 ವಾಟ್‌ನಲ್ಲಿ ಓಡಿಸುವ ಆಯ್ಕೆಯನ್ನು ಬಯೋಸ್ ಮೂಲಕ ಕೊಟ್ಟಿತು. ಅದೇ ಐವತ್ತನಾಲ್ಕು ವಾಟ್, ಹಿಂಬಾಗಿಲಿನಿಂದ ಮತ್ತೆ ಒಳಗೆ. ಆ ವರ್ಷದ ಅಕ್ಟೋಬರಿನಲ್ಲಿ ಇಂಟೆಲ್ ಕೋರ್ ಅಲ್ಟ್ರಾ 9 285ಕೆ ತಂದು ಕರೆಂಟ್ ಇಳಿಸಿದ್ದೇವೆ ಎಂದಾಗಲೂ ಸ್ವಾಗತ ಹೀಗೆಯೇ ಇತ್ತು. ಆಟಗಳಲ್ಲಿ ಅದು ಹಲವು ಕಡೆ ತನ್ನ ಹಿಂದಿನ ತಲೆಮಾರಿಗಿಂತ ಹಿಂದೆ ಬಿದ್ದದ್ದು ಸುಳ್ಳಲ್ಲ. ಆದರೂ, ಕಡಿಮೆ ಕುಡಿದವನನ್ನು ಬೈದು ಹೆಚ್ಚು ಕುಡಿದವನಿಗೆ ಬಹುಮಾನ ಕೊಡುವ ಪರೀಕ್ಷಕರು ನಾವಾದರೆ, ಮುಂದಿನ ಸಲ ಅವರು ಯಾಕೆ ಕಡಿಮೆ ಕುಡಿಯಬೇಕು?

ಈಗ ಅಳಿಯನ ವಾದಕ್ಕೆ ಬರುತ್ತೇನೆ. ಅವನದು ಮೂರು ಮಾತು, ಮೂರಕ್ಕೂ ಉತ್ತರ ಕೊಡದೆ ಜಗಳ ಮುಗಿಯುವುದಿಲ್ಲ.

ಒಂದು: "ಬಿಲ್ ಎಷ್ಟು ಹೆಚ್ಚಾಗುತ್ತದೆ ಮಾವ? ಮೂರು ವಡಾಪಾವ್." ಅವನು ಹೇಳುವುದು ಸರಿ. ಮುಂಬಯಿಯ ಉಪನಗರದಲ್ಲಿ ಅದಾನಿ ಇಲ್ಲವೇ ಟಾಟಾ ಕರೆಂಟ್, ಸ್ಲ್ಯಾಬ್ ಏರಿದಂತೆ ದರ ಏರುತ್ತದೆ, ಲೆಕ್ಕಕ್ಕೆ ಯೂನಿಟ್ಟಿಗೆ ಹತ್ತು ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಕ್ಕೆ ಐದು ಗಂಟೆ ಪೂರ್ತಿ ಭಾರ, ತಿಂಗಳಿಗೆ ಇಪ್ಪತ್ತೈದು ದಿನ. ಐವತ್ತನಾಲ್ಕು ವಾಟ್‌ಗೆ ಏಳು ಯೂನಿಟ್ ಕೂಡ ಆಗುವುದಿಲ್ಲ. ಎಪ್ಪತ್ತು ರೂಪಾಯಿಯೊಳಗೆ. ದಕ್ಷತೆಯ ಪರವಾಗಿ ಮಾತಾಡುವವರು ಬಿಲ್ಲನ್ನು ಮುಂದೆ ಹಿಡಿದು ಹೆದರಿಸುವುದನ್ನು ಬಿಡಬೇಕು, ಅದು ದುರ್ಬಲ ವಾದ. ಹೆಚ್ಚು ಖರ್ಚಾಗುವುದು ಮೀಟರಿನಲ್ಲಲ್ಲ, ಕೌಂಟರಿನಲ್ಲಿ. ದುಬಾರಿ ಚಿಪ್, ದುಬಾರಿ ಕೂಲರ್, ಬಲವಾದ ಬೋರ್ಡ್, ದೊಡ್ಡ ಎಸ್‌ಎಂಪಿಎಸ್, ಕರೆಂಟ್ ಹೋದರೆ ಅಷ್ಟು ವಾಟ್ ಹೊರುವ ಯುಪಿಎಸ್. ಕೊನೆಯ ಐದಾರು ಶೇಕಡಾಕ್ಕಾಗಿ ಇಡೀ ಮೆರವಣಿಗೆಯೇ ಮನೆಗೆ ಬರುತ್ತದೆ.

ಎರಡು: "ಬೇಗ ಮುಗಿಸಿದರೆ ಬೇಗ ತಣ್ಣಗಾಗುತ್ತದಲ್ಲ, ಒಟ್ಟು ಲೆಕ್ಕ ಒಂದೇ." ಇದು ಕೇಳಲು ಜಾಣ ಮಾತು, ಇಂಜಿನಿಯರುಗಳಿಗೂ ಪ್ರಿಯವಾದ ಮಾತು. ಆದ್ದರಿಂದ ಒಂದು ಭಾನುವಾರ ಕೂತು ಪರೀಕ್ಷೆ ಮಾಡಿದೆವು. ಅವನ ಯಂತ್ರದ ಬಯೋಸ್‌ಗೆ ಹೋಗಿ ವಾಟ್ ಮಿತಿಯನ್ನು ಕೆಳಗಿನ ಮಟ್ಟಕ್ಕೆ ಇಳಿಸಿದೆವು. ಮೊದಲು ಇಪ್ಪತ್ತೆರಡು ನಿಮಿಷ ಹಿಡಿದಿದ್ದ ಎಕ್ಸ್‌ಪೋರ್ಟ್ ಈಗ ಇಪ್ಪತ್ತಮೂರೂವರೆ ನಿಮಿಷ ಹಿಡಿಯಿತು. ಅದೇ ಸಮಯವನ್ನು ನಮ್ಮ ಜೋಡಿಯ ಮಿತಿಗಳಿಗೆ ಹಾಕಿ ನೋಡಿ. 142 ವಾಟ್‌ನಲ್ಲಿ ಇಪ್ಪತ್ತೆರಡು ನಿಮಿಷವೆಂದರೆ 52 ವಾಟ್-ಅವರ್. 88 ವಾಟ್‌ನಲ್ಲಿ ಇಪ್ಪತ್ತಮೂರೂವರೆ ನಿಮಿಷವೆಂದರೆ 34.5. ಮಾನಿಟರ್, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಸೇರಿ ಇನ್ನೊಂದು ನೂರು ವಾಟ್ ಎಂದು ಎರಡೂ ಕಡೆ ಕೂಡಿಸಿದರೂ 89 ಮತ್ತು 74. ಬೇಗ ಓಡಿ ಬೇಗ ಮಲಗಿದವನು ಹೆಚ್ಚೇ ತಿಂದಿದ್ದಾನೆ. ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಅಳಿಯನ ಮಾತು ಹಲವು ಸಲ ನಿಜವಾಗುತ್ತದೆ, ಯಾಕೆಂದರೆ ಅಲ್ಲಿ ಚಿಪ್ ವಕ್ರರೇಖೆಯ ಈ ತುದಿಯಲ್ಲಿ ಕೂತಿರುವುದಿಲ್ಲ.

ಮೂರು: "ಸೀಸನ್‌ನಲ್ಲಿ ನಿಮಿಷವೂ ದುಡ್ಡೇ." ಹೌದು. ಹಾಗಿದ್ದರೆ ಆ ದುಡ್ಡನ್ನು ಸರಿಯಾದ ಜಾಗದಲ್ಲಿ ಹಾಕು ಮಾರಾಯ. ಎಂಟು ಕೋರನ್ನು ಹೊಡೆದು ಓಡಿಸುವ ಬದಲು ಹದಿನಾರು ಕೋರನ್ನು ನಿಧಾನಕ್ಕೆ ನಡೆಸು. ರೈಜ಼ನ್ 9 7950 ಎಕ್ಸ್ ಎಂಬ ಹದಿನಾರು ಕೋರಿನ ಚಿಪ್ಪನ್ನು 65 ವಾಟ್‌ನ ಎಕೊ ಮೋಡಿಗೆ ಕಟ್ಟಿಹಾಕಿದರೂ, ಪೂರ್ತಿ ಬಿಟ್ಟ 7700 ಎಕ್ಸ್‌ಗಿಂತ ಎಲ್ಲ ಕೋರುಗಳ ಕೆಲಸದಲ್ಲಿ ಅದು ಬಹಳ ಮುಂದೆ. ಇಲ್ಲವೇ ವೀಡಿಯೊ ಎನ್ಕೋಡ್ ಮಾಡುವುದಕ್ಕೇ ಮೀಸಲಾದ ಯಂತ್ರಾಂಶವಿರುವ ಗ್ರಾಫಿಕ್ಸ್ ಕಾರ್ಡಿಗೆ ಹಾಕು. ಇಂಟೆಲ್ ಚಿಪ್ಪುಗಳೊಳಗಿನ ಕ್ವಿಕ್ ಸಿಂಕ್ ಕೂಡ ಈ ಕೆಲಸದಲ್ಲಿ ಪಳಗಿದ್ದು, ಕಡಿಮೆ ವಾಟ್‌ನಲ್ಲಿ ಮದುವೆಯ ವೀಡಿಯೊವನ್ನು ಸುಲಭವಾಗಿ ಅರೆಯುತ್ತದೆ. ದಕ್ಷತೆ ಎಂದರೆ ಸದಾ ಎಎಂಡಿ ಎಂದು ಜಪ ಮಾಡುವವರಿಗೆ ಇದನ್ನು ಹೇಳಲೇಬೇಕು. ಇನ್ನೊಂದನ್ನೂ ಹೇಳಬೇಕು. ತುಂಡು ತುಂಡು ಚಿಪ್ಪುಗಳನ್ನು ಜೋಡಿಸಿ ಮಾಡಿದ ರೈಜ಼ನ್‌ಗಳು ಸುಮ್ಮನೆ ಕೂತಾಗ ಇಂಟೆಲ್‌ಗಿಂತ ಹೆಚ್ಚು ಕರೆಂಟ್ ಎಳೆಯುತ್ತವೆ. ನಮ್ಮ ಡಿಟಿಪಿ ಕಚೇರಿಯಂಥ ಜಾಗದಲ್ಲಿ ಯಂತ್ರ ದಿನದ ಬಹುಪಾಲು ಮುಂದಿನ ಅಕ್ಷರಕ್ಕಾಗಿ ಕಾಯುತ್ತಿರುತ್ತದೆ, ಅಲ್ಲಿ ಲೆಕ್ಕ ತಿರುಗಿ ಬೀಳಬಹುದು. ಕಂಬಚಿತ್ರ ಹಾಕುವವರು ಇದನ್ನೂ ಹೇಳುವುದಿಲ್ಲ, ಯಾಕೆಂದರೆ ಕಾಯುವ ಯಂತ್ರದ ವೀಡಿಯೊವನ್ನು ಯಾರೂ ನೋಡುವುದಿಲ್ಲ.

ಬಿಲ್ಲಿನ ವಾದ ಬಿಟ್ಟುಕೊಟ್ಟೆನಲ್ಲ, ನನ್ನ ಹತ್ತಿರ ಉಳಿದದ್ದು ಸೆಕೆ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಸುಮಾರು ನೂರು ವಾಟ್ ಬಿಸಿ ಹೊರಬರುತ್ತದೆ. 142 ವಾಟ್ ಎಳೆಯುವ ಪ್ರೊಸೆಸರ್ ಅಷ್ಟನ್ನೂ ಬಿಸಿಯಾಗಿಯೇ ಕೋಣೆಗೆ ಬಿಡುತ್ತದೆ, ಬೇರೆ ದಾರಿಯೇ ಇಲ್ಲ. ಗ್ರಾಫಿಕ್ಸ್ ಕಾರ್ಡೂ ಸೇರಿ ಯಂತ್ರ ಮುನ್ನೂರು ನಾನ್ನೂರು ವಾಟ್ ಮುಟ್ಟಿದರೆ ಹತ್ತಡಿ ಹನ್ನೆರಡಡಿಯ ಹಾಲಿನಲ್ಲಿ ಮೂರು ನಾಲ್ಕು ಜನ ನೆಂಟರು ಬಂದು ಕೂತಂತೆ, ಅವರಿಗೆ ಚಹ ಕೊಡಬೇಕಿಲ್ಲ ಎನ್ನುವುದಷ್ಟೇ ಸಮಾಧಾನ. ಇಲ್ಲೊಂದು ದೊಡ್ಡ ಭ್ರಮೆಯಿದೆ. ದೊಡ್ಡ ಕೂಲರ್, ನೀರಿನ ಕೂಲರ್ ಹಾಕಿದರೆ ಬಿಸಿ ಹೋಗುತ್ತದೆ ಎಂದು ಹುಡುಗರು ನಂಬಿದ್ದಾರೆ. ಕೂಲರ್ ಬಿಸಿಯನ್ನು ಕೊಲ್ಲುವುದಿಲ್ಲ, ಚಿಪ್ಪಿನಿಂದ ಎತ್ತಿ ಕೋಣೆಗೆ ಸುರಿಯುತ್ತದೆ. ಚಿಪ್ ತಣ್ಣಗಾಯಿತು ಎಂದರೆ ಅಕ್ಕ ಬಿಸಿಯಾದಳು ಎಂದೇ ಅರ್ಥ. ಎಸಿ ಹಾಕಿದರೆ ಆ ಬಿಸಿಯನ್ನು ಹೊರಗೆ ಎಸೆಯಲು ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕರೆಂಟ್ ಮತ್ತೆ ಬೇಕು, ಎಸೆದದ್ದು ಪಕ್ಕದ ಮನೆಯ ಕಿಟಕಿಗೆ ಹೋಗುತ್ತದೆ.

ವಿಮರ್ಶೆಗಳು ಎಲ್ಲಿ ನಡೆಯುತ್ತವೆ ಎಂಬುದನ್ನೂ ಸ್ವಲ್ಪ ನೆನೆಸಿಕೊಳ್ಳಿ. ಇಪ್ಪತ್ತೊಂದೋ ಇಪ್ಪತ್ತಮೂರೋ ಡಿಗ್ರಿಯ ಕೋಣೆ, ತೆರೆದ ಬೆಂಚಿನ ಮೇಲೆ ಬಿಚ್ಚಿಟ್ಟ ಯಂತ್ರ, ಮೇಲೆ ಇದ್ದುದರಲ್ಲೇ ದೊಡ್ಡ ಕೂಲರ್. ಅಳಿಯನ ಯಂತ್ರ ಇರುವುದು ಮೂವತ್ತಮೂರು ಡಿಗ್ರಿಯ, ಬೆವರು ಆರದ ಗಾಳಿಯಲ್ಲಿ, ಗೋಡೆಗೆ ಒತ್ತಿದ ಮುಚ್ಚಿದ ಡಬ್ಬಿಯೊಳಗೆ, ಹೈವೇಯ ಧೂಳು ತಿಂದ ಫ್ಯಾನಿನ ಕೆಳಗೆ. ಹತ್ತು ಡಿಗ್ರಿ ಹೆಚ್ಚು ಬಿಸಿಯ ಗಾಳಿಯಲ್ಲಿ ಶುರುಮಾಡಿದ ಚಿಪ್ 95ನ್ನು ಅಷ್ಟು ಬೇಗ ಮುಟ್ಟುತ್ತದೆ, ಮುಟ್ಟಿದ ಮೇಲೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಎಂದರೆ ಎಪ್ಪತ್ತು ಡಾಲರ್ ಹೆಚ್ಚು ಕೊಟ್ಟು ತಂದ ಆ ಆರು ಶೇಕಡಾ ಬೇಕಾದ ದಿನವೇ ಅದು ಬೊರಿವಲಿಯಲ್ಲಿ ಸಿಗುವ ಖಾತ್ರಿಯಿಲ್ಲ. ನಮ್ಮ ದೇಶದಲ್ಲೇ ಕೂತು ನಮ್ಮ ಭಾಷೆಗಳಲ್ಲೇ ವಿಮರ್ಶೆ ಮಾಡುವವರೂ ಎಸಿ ಹಾಕಿಕೊಂಡು ವಿದೇಶದವರ ಅಂಕಿಗಳನ್ನೇ ಮತ್ತೊಮ್ಮೆ ಮಾಡಿ ತೋರಿಸುತ್ತಾರೆ. ಎಸಿ ಆರಿಸಿ, ಕ್ಯಾಬಿನೆಟ್ ಮುಚ್ಚಿ, ಎರಡೂ ಚಿಪ್ಪುಗಳಿಗೆ ಒಂದೇ ವಾಟ್ ಮಿತಿ ಹಾಕಿ ಅಳೆದು ತೋರಿಸಲು ಯಾವ ದುಬಾರಿ ಸಲಕರಣೆ ಬೇಕು? ಗೋಡೆಯ ಪ್ಲಗ್ಗಿಗೆ ಹಾಕುವ ವಾಟ್ ಮೀಟರ್ ಒಂದು, ಐದು ಗಂಟೆಯ ತಾಳ್ಮೆ.

ಸರಕಾರದ ಕಡೆಯಿಂದಲೂ ಕೇಳಬೇಕಾದ್ದಿದೆ. ಫ್ರಿಜ್ಜಿಗೆ, ಎಸಿಗೆ ನಕ್ಷತ್ರದ ಚೀಟಿ ಇದೆ. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನಿಗೂ ಕಡ್ಡಾಯವಾಯಿತು. ಎಪ್ಪತ್ತು ಎಂಬತ್ತು ವಾಟ್‌ನ ಫ್ಯಾನ್ ಎಷ್ಟು ಗಾಳಿ ಕೊಡುತ್ತದೆ ಎಂದು ಚೀಟಿ ಅಂಟಿಸಿ ಹೇಳುವ ದೇಶದಲ್ಲಿ, 253 ವಾಟ್ ಎಳೆಯಬಲ್ಲ ಚಿಪ್ಪಿನ ಡಬ್ಬಿಯ ಮೇಲೆ ಅಂಥ ಚೀಟಿ ಇಲ್ಲ. ನಕ್ಷತ್ರ ಬೇಡ, ಗರಿಷ್ಠ ವಾಟ್ ಎಂಬ ಒಂದು ಸಂಖ್ಯೆಯನ್ನು ಗಿಗಾಹರ್ಟ್ಸ್‌ನಷ್ಟೇ ದಪ್ಪ ಅಕ್ಷರದಲ್ಲಿ ಬರೆಯಲಿ. ಅಕ್ಷರದ ದಪ್ಪದ ವಿಷಯದಲ್ಲಿ ನಾನು ಮೂವತ್ತು ವರ್ಷದ ಅನುಭವಿ. ಯಾವುದನ್ನು ಓದಿಸಬಾರದೋ ಅದನ್ನು ಆರು ಪಾಯಿಂಟಿನಲ್ಲಿ ಹಾಕು ಎಂದು ಜಾಹೀರಾತಿನವರು ನನಗೇ ಎಷ್ಟು ಸಲ ಹೇಳಿಲ್ಲ.

ಮತ್ತೆ, ಎಕೊ ಮೋಡ್ ಇದೆಯಲ್ಲ, ಬೇಕಾದವರು ಹಾಕಿಕೊಳ್ಳಲಿ ಎನ್ನುವವರಿಗೆ ಒಂದು ಮಾತು. ಬಯೋಸ್ ಪರದೆಗೆ ಹೋಗಿ, ಇಂಗ್ಲಿಷಿನಲ್ಲಿ ಬರೆದ ಎಚ್ಚರಿಕೆಯನ್ನು ದಾಟಿ, ಮೂರನೆಯ ಮೆನುವಿನ ಒಳಗಿನ ನಾಲ್ಕನೆಯ ಮೆನುವಿನಲ್ಲಿ ಆ ಸಾಲನ್ನು ಹುಡುಕಿ ಬದಲಿಸುವವರು ಎಷ್ಟು ಜನ? ಅದನ್ನು ಬಲ್ಲವನಿಗೆ ವೇಗ ಏರಿಸುವುದೂ ಗೊತ್ತಿರುತ್ತದೆ. ಹಾಗಾಗಿ ಯಂತ್ರ ತಣ್ಣನೆಯ ಮಿತಿಯಲ್ಲಿ ಬರಲಿ, ಕೊನೆಯ ಐದು ಶೇಕಡಾ ಬೇಕಾದವನು ಹೋಗಿ ಗುಂಡಿ ಒತ್ತಲಿ. ಈಗಿರುವುದು ಇದರ ತಿರುಗುಮುರುಗು: ಗೊತ್ತಿಲ್ಲದವನು ಬೆವರುತ್ತಾನೆ, ಗೊತ್ತಿದ್ದವನು ತಣ್ಣಗಿರುತ್ತಾನೆ.

ಆ ಭಾನುವಾರ ಇಳಿಸಿದ ಮಿತಿಯನ್ನು ಅಳಿಯ ಮತ್ತೆ ಏರಿಸಿಲ್ಲ. ಒಪ್ಪಿಕೊಂಡಿದ್ದಾನೆ ಎಂದೇನೂ ಅಲ್ಲ, ಅಕ್ಕನಿಗೆ ಫ್ಯಾನಿನ ಸದ್ದು ಇಳಿದದ್ದು ಗೊತ್ತಾಗಿಬಿಟ್ಟಿತು, ಇನ್ನು ಏರಿಸಿದರೆ ಅವಳು ಬಿಡುವುದಿಲ್ಲ. ಹೋದ ವಾರ ದಹಿಸರಿನ ಅವನ ಗೆಳೆಯನೊಬ್ಬ ಹೊಸ ಯಂತ್ರ ಕೊಳ್ಳಲು ಸಲಹೆ ಕೇಳಿಕೊಂಡು ಬಂದಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಳಿಯನೇ, "ಸಾದಾದೇ ತಗೋ, ಉಳಿದ ದುಡ್ಡಿಗೆ ರ‍್ಯಾಮ್ ಹಾಕು" ಎಂದ. ಗೆಳೆಯ ಅವನನ್ನೊಮ್ಮೆ, ಗಾಜಿನ ಡಬ್ಬಿಯನ್ನೊಮ್ಮೆ ನೋಡಿ, "ನಿನ್ನದು ಮಾತ್ರ ದೊಡ್ಡದು, ನನಗೆ ಸಾದಾದಾ?" ಎಂದು ಕೇಳಿದ. ಮಾರನೆಯ ದಿನ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ದುಬಾರಿಯದನ್ನೇ ತಂದನಂತೆ.